ಲಂಡನ್ ಗೊತ್ತು, ಲಕ್ಷ್ಮೇಶ್ವರ ಗೊತ್ತಿಲ್ಲ!



ಒಂದು ಸಣ್ಣ ಪರೀಕ್ಷೆ. ಒಂದು ಹಾಳೆ ತೆಗೆದುಕೊಂಡು ಕರ್ನಾಟಕದ ನಕ್ಷೆ ಬರೆಯಿರಿ. ಅಂಗಿಯ ಮೇಲೆ, ಬೈಕಿನ ಮೇಲೆ, ಆಟೋದ ಹಿಂದೆ ನೀವು ಹೆಮ್ಮೆಯಿಂದ ಅಂಟಿಸಿಕೊಂಡು ತಿರುಗುವ ಅದೇ ನಕ್ಷೆ. ಬರೆದಾಯಿತೇ? ಈಗ ಅದರಲ್ಲಿ ಗದಗ ಎಲ್ಲಿ, ಲಕ್ಷ್ಮೇಶ್ವರ ಎಲ್ಲಿ, ತುಂಗಭದ್ರೆ ಯಾವ ದಿಕ್ಕಿನಿಂದ ಬಂದು ಯಾವ ದಿಕ್ಕಿಗೆ ಹರಿಯುತ್ತಾಳೆ, ತೋರಿಸಿ. ಪೆನ್ನು ಅಲ್ಲೇ ನಿಂತಿತೇ? ನಾಚಬೇಡಿ, ನಿಮಗೆ ಯಾರೂ ಕಲಿಸಲಿಲ್ಲ. ಆದರೆ ನಿಮ್ಮ ತಮ್ಮ-ತಂಗಿಯರಿಗೂ, ನಾಳೆ ನಿಮ್ಮ ಮಕ್ಕಳಿಗೂ ಇದೇ ಗತಿ ಬಂದರೆ ಆಗ ನಾಚಬೇಕು.

ಈ ಸಲದ ಮಾತು ಅಂಗಡಿ ಬೋರ್ಡಿನದಲ್ಲ, ಪರಭಾಷಾ ಸಿನಿಮಾದ್ದೂ ಅಲ್ಲ. ಪ್ರಾಥಮಿಕ ಸಾಲೆಯ ಭೂಗೋಳದ್ದು. "ಮಕ್ಕಳ ಭೂಗೋಳಕ್ಕೂ ಕನ್ನಡ ಹೋರಾಟಕ್ಕೂ ಏನು ಸಂಬಂಧ?" ಎಂದು ಮೂಗು ಮುರಿಯುವವರು ದಯವಿಟ್ಟು ಕೊನೆಯವರೆಗೆ ಓದಿ.

ಸುಮಾರು 850ರ ಹೊತ್ತಿಗೆ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥ. ಅದು ಕಾವ್ಯದ ಲಕ್ಷಣ ಹೇಳುವ ಪುಸ್ತಕ. ಆದರೂ ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಎರಡು ಹೊಳೆ ಹಿಡಿದು ಎಲ್ಲೆ ಗುರುತಿಸಿತು. ಆ ನಾಡಿನೊಳಗೆ ತಿರುಳ್ಗನ್ನಡದ ಸೀಮೆ ಯಾವುದೆಂದು ನಾಲ್ಕು ಊರು ಹೆಸರಿಸಿತು: ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದ. ಕಿಸುವೊಳಲ್ ಇಂದಿನ ಪಟ್ಟದಕಲ್ಲು, ಕೊಪಣ ಇಂದಿನ ಕೊಪ್ಪಳ, ಒಕ್ಕುಂದ ಬೆಳಗಾವಿ ಜಿಲ್ಲೆಯಲ್ಲಿದೆ. ಪುಲಿಗೆರೆಯೇ ನಮ್ಮ ಲಕ್ಷ್ಮೇಶ್ವರ. 941ರ ಸುಮಾರಿಗೆ ಪಂಪ ಕೂಡ ತನ್ನ ಭಾರತವನ್ನು ಪುಲಿಗೆರೆಯ ತಿರುಳ ಕನ್ನಡದಲ್ಲಿ ಹೇಳಿದ್ದೇನೆಂದು ಬೀಗಿದ. ಅಂದರೆ ಕನ್ನಡದ ಮೊದಲ ಪುಸ್ತಕದಲ್ಲೇ ಒಂದು ಭೂಗೋಳದ ಪಾಠವಿದೆ. ಆ ಪಾಠದ ನಡುವಿನ ಊರಿನ ಹುಡುಗ ಇವತ್ತು ಲಂಡನ್ ಬ್ರಿಡ್ಜ್ ಬೀಳುವ ಹಾಡು ಹಾಡುತ್ತಾನೆ, ತನ್ನೂರು ಯಾವ ನದಿಯ ಸೀಮೆಯಲ್ಲಿದೆ ಎಂದರೆ ಮಿಕಿಮಿಕಿ ನೋಡುತ್ತಾನೆ!

ಇನ್ನೊಂದು ಸಂಗತಿ ಕೇಳಿ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಿಗೆ ಹಬ್ಬಿ ನಿಂತಿರುವ ಕಪ್ಪತಗುಡ್ಡ ಏರಿ ನಾಲ್ಕೂ ದಿಕ್ಕು ನೋಡಿ. ಒಂದೇ ಮಾತು, ಒಂದೇ ರೊಟ್ಟಿ, ಒಂದೇ ಜಾತ್ರೆಯ ಜನ. ಆದರೆ ಸ್ವಾತಂತ್ರ್ಯ ಬರುವ ಮೊದಲು ಇದೇ ನೋಟದಲ್ಲಿ ಎಷ್ಟು ದೊರೆತನಗಳಿದ್ದವು ಗೊತ್ತೇ? ಗದಗ-ಬೆಟಗೇರಿ, ಮುಂಡರಗಿ ಇಂಗ್ಲಿಷರ ಮುಂಬಯಿ ಪ್ರಾಂತದಲ್ಲಿ. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ. ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಮೂಡಣಕ್ಕೆ ಕೊಪ್ಪಳ ನಿಜಾಮನ ಹೈದರಾಬಾದಿನಲ್ಲಿ. ತೆಂಕಣಕ್ಕೆ ಹೊಳೆ ದಾಟಿದರೆ ಹಡಗಲಿ ಮದ್ರಾಸಿನಲ್ಲಿ. ಒಂದು ಗುಡ್ಡದ ಸುತ್ತ ಐದು ಆಡಳಿತ! ಸಂಸ್ಥಾನಗಳು 1948ರಲ್ಲಿ ಮುಂಬಯಿಯಲ್ಲಿ ಕರಗಿದವು. ಹಡಗಲಿ 1953ರ ಅಕ್ಟೋಬರ್ 1ರಂದು ಬಳ್ಳಾರಿಯೊಡನೆ ಮೈಸೂರು ಸೇರಿತು. ಉಳಿದ ಗೆರೆಗಳು ಅಳಿಸಿದ್ದು 1956ರ ನವೆಂಬರ್ 1ರಂದು.

1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಮೊಳಗಿದ ನಾಡಗೀತೆ ಬರೆದ ಹುಯಿಲಗೋಳ ನಾರಾಯಣರಾಯರು ಇದೇ ಗದುಗಿನವರು. ನಾಡು ಚೂರಾದದ್ದನ್ನು ಅವರು ಕಣ್ಣಾರೆ ಕಂಡವರು. ನಾವು? ನವೆಂಬರ್ 1ಕ್ಕೆ ಬಾವುಟ ಏರಿಸುತ್ತೇವೆ, ಡಿಜೆ ಹಚ್ಚುತ್ತೇವೆ. ಯಾವ ಗೆರೆ ಅಳಿಸಿದ್ದಕ್ಕೆ ಈ ಹಬ್ಬ ಎಂದು ನಾಲ್ಕನೇ ಇಯತ್ತೆಯ ಮಗುವಿಗೆ ನಕ್ಷೆ ಇಟ್ಟು ತೋರಿಸುವುದಿಲ್ಲ.

ನೆಲ ಬಲ್ಲವರೇ ನೆಲ ಉಳಿಸುತ್ತಾರೆ. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಎರಿ ಹೊಲಗಳ ಮೇಲೆ ಪೋಸ್ಕೋ ಉಕ್ಕಿನ ಕಾರ್ಖಾನೆಯ ಕಣ್ಣು ಬಿತ್ತು. ರೈತರು ಎದ್ದರು, ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ಕಾರ್ಖಾನೆ ಹಿಂದೆ ಸರಿಯಿತು. ಕಪ್ಪತಗುಡ್ಡಕ್ಕಾಗಿ ವರ್ಷಗಟ್ಟಲೆ ಹೋರಾಟ ನಡೆದು 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಆ ಹೊಲದ ಮಣ್ಣು ಎಂಥದು, ಆ ಗುಡ್ಡದ ನೀರು ಯಾವ ಹಳ್ಳಕ್ಕೆ ಇಳಿಯುತ್ತದೆ ಎಂದು ತಿಳಿದ ಜನ ಇದ್ದದ್ದರಿಂದಲೇ ಇದು ಸಾಧ್ಯವಾಯಿತು. ಇನ್ನು ಕಾಸರಗೋಡಿನ ಮಾತು. ಚಂದ್ರಗಿರಿ ಹೊಳೆಯ ಬಡಗಣ ಭಾಗ ನಮಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಆ ಭಾಗ ಇನ್ನೂ ಕೇರಳದಲ್ಲೇ ಇದೆ. ಚಂದ್ರಗಿರಿ ಹೊಳೆ ಎಲ್ಲಿದೆ ಎಂದು ತಿಳಿಯದವನು "ಕಾಸರಗೋಡು ನಮ್ಮದು" ಎಂದು ಕೂಗಿದರೆ ಗಂಟಲು ನೋಯುತ್ತದೆ, ಅಷ್ಟೇ.

ಈಗ ಸಾಲೆಯೊಳಗೆ ಇಣುಕೋಣ. ರಾಜ್ಯದ ಪಠ್ಯಕ್ರಮದಲ್ಲಿ ಐದನೇ ಇಯತ್ತೆಯವರೆಗೆ ಭೂಗೋಳ 'ಪರಿಸರ ಅಧ್ಯಯನ'ದೊಳಗೆ ಬೆರೆತಿದೆ, ಆರರಿಂದ ಸಮಾಜ ವಿಜ್ಞಾನದೊಳಗೆ. ಸುತ್ತಮುತ್ತಲಿನಿಂದ ಕಲಿಸಿರಿ ಎನ್ನುವ ಆಶಯ ಒಳ್ಳೆಯದೇ. ಆದರೆ 31 ಜಿಲ್ಲೆಗೂ ಒಂದೇ ಪುಸ್ತಕ. ಕಾರವಾರದ ಕಡಲಿಗೂ ಮುಂಡರಗಿಯ ಎರಿ ಬಯಲಿಗೂ ಅದೇ ಪುಟ. ನಡುವಿನ ಖಾಲಿ ಜಾಗವನ್ನು ಮಾಸ್ತರರೇ ತುಂಬಬೇಕು. ಆ ಮಾಸ್ತರರನ್ನು ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸ, ಸಮೀಕ್ಷೆ ಎಂದು ಊರೂರು ಅಲೆಸಿದರೆ ತುಂಬುವವರು ಯಾರು? ಇನ್ನು ಕೇಂದ್ರ ಪಠ್ಯಕ್ರಮದ ಇಂಗ್ಲಿಷ್ ಸಾಲೆಗಳು. ಇಡೀ ದೇಶಕ್ಕೆ ಬರೆದ ಪುಸ್ತಕದಲ್ಲಿ ಶಿರಹಟ್ಟಿ ಎಲ್ಲಿಂದ ಬರಬೇಕು? ಮಗು 'ಬ್ಲ್ಯಾಕ್ ಸಾಯಿಲ್' ಎಂದು ಬಾಯಿಪಾಠ ಮಾಡುತ್ತದೆ. ಮನೆಯಲ್ಲಿ ಅಜ್ಜ 'ಎರಿ' ಎನ್ನುತ್ತಾನೆ. ಎರಡೂ ಒಂದೇ ಎಂದು ಆ ಮಗುವಿಗೆ ಯಾರೂ ಹೇಳುವುದಿಲ್ಲ. ಅಜ್ಜನ ತಿಳಿವಳಿಕೆ ಅಜ್ಜನ ಜೊತೆಗೇ ಮಣ್ಣಾಗುತ್ತದೆ.

ಕನ್ನಡ ಮಾಧ್ಯಮದವರೂ ಬೀಗಬೇಕಿಲ್ಲ. 'ನೈಋತ್ಯ ಮಾನ್ಸೂನ್ ಮಾರುತ' ಎಂದು ಬರೆಸಿ ಅಂಕ ಕೊಟ್ಟರೆ ಮುಗಿಯಿತೇ? ಅದೇ ನಿಮ್ಮಪ್ಪ ಕಾಯುವ ಮುಂಗಾರಿ ಎಂದು ಒಂದು ಮಾತು ಸೇರಿಸಬೇಕು. ಮಗುವಿನ ಬಾಯಲ್ಲಿ ಆಗಲೇ ಇರುವ ಎರಿ, ಮಸಾರಿ, ಮಡ್ಡಿ, ಹಳ್ಳ, ಮುಂಗಾರಿ, ಹಿಂಗಾರಿ ಎಲ್ಲವೂ ಭೂಗೋಳದ ಮಾತುಗಳೇ. ಅವನ್ನು ಸಾಲೆಯ ಹೊಸ್ತಿಲಲ್ಲಿ ಚಪ್ಪಲಿಯ ಹಾಗೆ ಬಿಡಿಸಿ ಒಳಗೆ ಕರೆಯುವುದು ಯಾವ ನ್ಯಾಯ?

ಹಾಗಾದರೆ ಹೇಗೆ ಕಲಿಸಬೇಕು? ಮಗು ನಿಂತ ನೆಲದಿಂದ ಹೊರಟು ವರ್ಷಕ್ಕೊಂದು ಸುತ್ತು ಹಿಗ್ಗಿಸುತ್ತ ಹೋಗಬೇಕು.

ಒಂದನೇ ಇಯತ್ತೆಗೆ ದಿಕ್ಕು ಸಾಕು. ಅಂಗಳದಲ್ಲಿ ಕೋಲು ನೆಟ್ಟು ಮುಂಜಾನೆಯ ನೆರಳು, ಮಧ್ಯಾಹ್ನದ ನೆರಳು ನೋಡಲಿ. ಮೂಡಣ, ಪಡುವಣ, ತೆಂಕಣ, ಬಡಗಣ ಎಂಬ ಹೆಸರು ನಾಲಿಗೆಗೆ ಬರಲಿ. ಎರಡಕ್ಕೆ ಮನೆಯಿಂದ ಸಾಲೆಯ ದಾರಿ. ಬೆಟಗೇರಿಯ ಮಗು ಮಗ್ಗದ ಸಪ್ಪಳದ ಓಣಿಯನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆಯಲಿ. ಅದೇ ಅದರ ಮೊದಲ ನಕ್ಷೆ. ಮೂರಕ್ಕೆ ಊರು. ಎರಿಮಣ್ಣು, ಮಸಾರಿಮಣ್ಣು ಪೊಟ್ಟಣ ಕಟ್ಟಿ ತರಲಿ, ನೀರು ಹಾಕಿ ಯಾವುದು ಹಿಡಿದಿಡುತ್ತದೆ ನೋಡಲಿ. ಮನೆಯ ಹೊಲದ ಖರೀದಿ ಪತ್ರದಲ್ಲಿರುವ ಚೆಕ್ಕುಬಂದಿ ಓದಿಸಿ. ಅದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲಿದೆ?

ನಾಲ್ಕಕ್ಕೆ ತಾಲೂಕು, ಜಿಲ್ಲೆ. 1997ರಲ್ಲಿ ಧಾರವಾಡದಿಂದ ಬೇರೆಯಾದ ಗದಗ ಜಿಲ್ಲೆಗೆ ತೆಂಕಣದಲ್ಲಿ ತುಂಗಭದ್ರೆ, ಬಡಗಣದಲ್ಲಿ ಮಲಪ್ರಭೆ, ನಡುವೆ ಕಪ್ಪತಗುಡ್ಡ. ಐದಕ್ಕೆ ರಾಜ್ಯ. ನಮ್ಮಲ್ಲಿ ವರ್ಷಕ್ಕೆ 600 ಮಿಲಿಮೀಟರಿನ ಆಚೀಚೆ ಮಳೆ, ಆಗುಂಬೆಯಲ್ಲಿ 7000ಕ್ಕೂ ಹೆಚ್ಚು. ಏಕೆ ಎಂದು ಕೇಳಿದರೆ ಪಡುವಣ ಘಟ್ಟದ ಪಾಠ ತಾನಾಗಿ ಬರುತ್ತದೆ. ಆರಕ್ಕೆ ದೇಶ. ಗದಗ ಜಂಕ್ಷನ್ನಿನ ಹಳಿ ಹಿಡಿದು ಹುಬ್ಬಳ್ಳಿಯ ಕಡೆ, ಗುಂತಕಲ್ಲಿನ ಕಡೆ, ಸೊಲ್ಲಾಪುರದ ಕಡೆ ಬೆರಳಿನಲ್ಲೇ ಪ್ರಯಾಣ ಮಾಡಿಸಿ. ಏಳಕ್ಕೆ ಜಗತ್ತು. ಚಳಿಗಾಲ ಬಂದರೆ ಮಧ್ಯ ಏಷ್ಯಾದ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಶಿರಹಟ್ಟಿ ಸೀಮೆಯ ಮಾಗಡಿ ಕೆರೆಗೆ ಇಳಿಯುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿ ಸೇರಿ ಜಗತ್ತಿನ ಮುಖ್ಯ ಜೌಗುನೆಲಗಳಲ್ಲಿ ಒಂದಾಯಿತು. ಆ ಹಕ್ಕಿ ಬಂದ ದಾರಿಯನ್ನು ಭೂಗೋಲದ ಮೇಲೆ ಹುಡುಕಿದ ಮಗು ಮಂಗೋಲಿಯಾವನ್ನು ಜನ್ಮದಲ್ಲಿ ಮರೆಯುವುದಿಲ್ಲ.

"ಜಗತ್ತು ಓಡುತ್ತಿದೆ, ನೀವು ಮಕ್ಕಳನ್ನು ಹಳ್ಳಕ್ಕೆ ಕಟ್ಟಿಹಾಕುತ್ತೀರಿ" ಎನ್ನುವ ಪಂಡಿತರಿಗೆ ಒಂದೇ ಮಾತು. ಕಪ್ಪತಗುಡ್ಡದ ಕಲ್ಲನ್ನು ಭೂವಿಜ್ಞಾನಿಗಳು ಧಾರವಾಡ ಶಿಲೆಗಳ ಗುಂಪಿಗೆ ಸೇರಿಸುತ್ತಾರೆ. 19ನೇ ಶತಮಾನದಲ್ಲಿ ಆ ಹೆಸರು ಕೊಟ್ಟವನು ರಾಬರ್ಟ್ ಬ್ರೂಸ್ ಫೂಟ್ ಎಂಬ ಇಂಗ್ಲಿಷಿನವನು. ಹೊರಗಿನಿಂದ ಬಂದವನು ನಮ್ಮ ಕಲ್ಲು ನೋಡಿ ಜಗತ್ತಿಗೆ ಹೇಳಿದ. ನಮ್ಮ ಮಗು ಅದೇ ಕಲ್ಲು ಎಡವಿ ಸಾಲೆಗೆ ಹೋಗುತ್ತದೆ, ಅದರ ಹೆಸರು ಗೊತ್ತಿಲ್ಲ. ಹಿಂದುಳಿದವರು ಯಾರು, ಹೇಳಿ?

ನಮ್ಮ ಬೇಡಿಕೆ ಮೂರು. ಮೂರು-ನಾಲ್ಕನೇ ಇಯತ್ತೆಗೆ ಪ್ರತಿ ಜಿಲ್ಲೆಯ ಡಯಟ್ ತನ್ನ ಜಿಲ್ಲೆಯದೇ ಭೂಗೋಳದ ಕಿರುಪುಸ್ತಕ ಬರೆಸಲಿ, ಅದರಲ್ಲಿ ಊರಿನ ರೈತರ ಮಾತುಗಳಿರಲಿ. ಯಾವ ಮಾಧ್ಯಮವೇ ಇರಲಿ, ಯಾವ ಬೋರ್ಡೇ ಇರಲಿ, ಪ್ರತಿ ಸಾಲೆಯ ಗೋಡೆಯ ಮೇಲೆ ಜಿಲ್ಲೆಯ ಕನ್ನಡ ನಕ್ಷೆ ತೂಗಲಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಇಂಗ್ಲಿಷ್ ಸಾಲೆಗಳಲ್ಲೂ ಕನ್ನಡದ ತರಗತಿ ನಡೆಯಲೇಬೇಕಲ್ಲ, ಆ ತರಗತಿಯಲ್ಲಾದರೂ ಈ ಕಿರುಪುಸ್ತಕ ಓದಿಸಲಿ.

ಸರಕಾರಕ್ಕೆ ಕಾಯುತ್ತ ಕೂಡುವುದು ಬೇಡ. ನನ್ನದು ಅಚ್ಚಿನ ಕಸುಬು, ಲೆಕ್ಕ ಹಾಕಿಯೇ ಹೇಳುತ್ತೇನೆ. ಜಿಲ್ಲೆಯ ನಕ್ಷೆಗೆ ಒಂದು ಡಬಲ್ ಡೆಮಿ ಹಾಳೆ, ಕಪ್ಪು-ನೀಲಿ ಎರಡು ಬಣ್ಣ ಸಾಕು. ಪ್ಲೇಟಿನ ಖರ್ಚು ಒಮ್ಮೆ ಮಾತ್ರ, ಪ್ರತಿ ಹೆಚ್ಚಿದಷ್ಟೂ ಒಂದರ ಬೆಲೆ ಇಳಿಯುತ್ತದೆ. ರಾಜ್ಯೋತ್ಸವಕ್ಕೆ ಮುಖಂಡರ ಮುಖ ಹೊತ್ತ ಫ್ಲೆಕ್ಸುಗಳಿಗೆ ಸುರಿಯುವ ಹಣದಲ್ಲಿ ಒಂದು ತಾಲೂಕಿನ ಸಾಲೆಗಳಿಗೆಲ್ಲ ನಕ್ಷೆ ಕೊಡಬಹುದು. ಈ ನವೆಂಬರಿನಲ್ಲಿ ನಿಮ್ಮ ಬಳಗ ಒಂದು ಫ್ಲೆಕ್ಸು ಕಡಿಮೆ ಮಾಡಲಿ. ಒಂದು ಪ್ರಾಥಮಿಕ ಸಾಲೆ ಆರಿಸಿಕೊಳ್ಳಿ. ಹೆಡ್ ಮಾಸ್ತರರನ್ನು ಕೇಳಿ ಒಂದು ಶನಿವಾರ ಮುಂಜಾನೆ ಹೋಗಿ. ಅಂಗಳದಲ್ಲಿ ಸುಣ್ಣದಿಂದ ಜಿಲ್ಲೆಯ ನಕ್ಷೆ ಬಿಡಿಸಿ, ಮಕ್ಕಳನ್ನು ಒಂದೊಂದು ಊರಿನ ಮೇಲೆ ನಿಲ್ಲಿಸಿ. ಲಕ್ಷ್ಮೇಶ್ವರದ ಮೇಲೆ ನಿಂತ ಮಗುವಿಗೆ ಹೇಳಿ, "ನೀನು ನಿಂತದ್ದು ಪುಲಿಗೆರೆ, ತಿರುಳ್ಗನ್ನಡದ ಊರು."

ಹೋಗುವ ಮೊದಲು ನಿಮ್ಮ ನಕ್ಷೆ ಸರಿಯಾಗಿ ಬರೆದು ಕಲಿತುಕೊಂಡು ಹೋಗಿ. ಮಕ್ಕಳು ಪ್ರಶ್ನೆ ಕೇಳುತ್ತಾರೆ.

ಸಿರಿಗನ್ನಡಂ ಗೆಲ್ಗೆ!