ಕೆಮ್ಮಣ್ಣುಗುಂಡಿ ಟೂರು ಮುಗಿಯೋದು ಲಿಂಗದಹಳ್ಳಿಯಲ್ಲಿ: ಪ್ರವಾಸಿಗರು ಮನೆಗೆ ಒಯ್ಯೋ ನೆನಪು ಯಾವುದು?

ಲಿಂಗದಹಳ್ಳಿ: ಶನಿವಾರ, ಭಾನುವಾರ ಬಂತೆಂದರೆ ಲಿಂಗದಹಳ್ಳಿ ಪೇಟೆ ರಸ್ತೆಯಲ್ಲಿ ಹೊರಗಿನ ಕಾರು, ಟಿಟಿ, ಬೈಕುಗಳದ್ದೇ ಸಾಲು. ತರೀಕೆರೆ ಕಡೆಯಿಂದ ಬರಲಿ, ಬೀರೂರು ಕಡೆಯಿಂದ ಬರಲಿ, ಕಲ್ಲತ್ತಿಗಿರಿ ಮತ್ತು ಕೆಮ್ಮಣ್ಣುಗುಂಡಿಗೆ ಹೋಗೋರು ಇಲ್ಲೇ ದಾಟಬೇಕು. ಸಂಜೆ ಇಳಿದು ಬರೋದೂ ಬಹುತೇಕ ಇದೇ ದಾರಿಯಲ್ಲಿ. ಆದರೂ ಅಂಗಡಿಯವರ ಪ್ರಶ್ನೆ ಹಾಗೇ ಉಳಿದಿದೆ: ಗಾಡಿ ಇಷ್ಟೊಂದು ಹೋಗುತ್ತೆ, ವ್ಯಾಪಾರ ಮಾತ್ರ ಯಾಕೆ ಅಷ್ಟಕ್ಕಷ್ಟೇ?

ಮಳೆ, ರಸ್ತೆ, ಸೀಸನ್ ಅಂತ ಕಾರಣ ಹೇಳೋದು ಸುಲಭ. ಪ್ರವಾಸಿಗರ ಮನಸ್ಸು, ಅನುಭವ, ನೆಮ್ಮದಿ ಕುರಿತು ಹೊರದೇಶಗಳಲ್ಲಿ ನಡೆದಿರುವ ಸಂಶೋಧನೆ ನೋಡಿದರೆ ಬೇರೆ ಒಂದು ಲೆಕ್ಕ ಕಾಣುತ್ತೆ.

ಎಣಿಸೋದು ಗಾಡಿ ಮಾತ್ರ

ನಮ್ಮ ಕಡೆ ಪ್ರವಾಸೋದ್ಯಮ ಅಂದರೆ ಎಷ್ಟು ಗಾಡಿ, ಎಷ್ಟು ಜನ ಅನ್ನೋ ಲೆಕ್ಕ. ಮುಳ್ಳಯ್ಯನಗಿರಿ ಭಾಗಕ್ಕೆ ಜಿಲ್ಲಾಡಳಿತ 2025ರ ಸೆಪ್ಟೆಂಬರ್‌ನಲ್ಲಿ ಆನ್‌ಲೈನ್ ನೋಂದಣಿ ತಂದಿತು. ಅದಕ್ಕೂ ಮೊದಲು, ಮದ್ರಾಸ್ ಹೈಕೋರ್ಟ್ ಆದೇಶದಂತೆ ಊಟಿ, ಕೊಡೈಕೆನಾಲ್‌ಗೆ 2024ರ ಮೇ ತಿಂಗಳಿಂದ ಇ-ಪಾಸ್ ಬಂತು. ಜನ ಜಾಸ್ತಿಯಾದಾಗ ಇದೆಲ್ಲ ಬೇಕೇ ಬೇಕು. ಆದರೆ ಬಂದವರು ಖುಷಿಯಾಗಿ ಹೋದರಾ, ಸಿಡಿಮಿಡಿ ಅಂತ ಹೋದರಾ ಅನ್ನೋದು ಈ ಲೆಕ್ಕದಲ್ಲಿ ಬರಲ್ಲ. ಮತ್ತೆ ಬರೋದು, ನೆಂಟರಿಗೆ ಹೇಳಿ ಕಳಿಸೋದು ಮಾತ್ರ ಅದರ ಮೇಲೇ ನಿಂತಿದೆ.

ತಣ್ಣೀರಿನ ಪ್ರಯೋಗ

2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 1993ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 32 ಜನರಿಗೆ 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಡಿಸಿದರು. ಇನ್ನೊಂದು ಸಲ ಅದೇ 60 ಸೆಕೆಂಡ್, ಅದರ ಮೇಲೆ ಇನ್ನೂ 30 ಸೆಕೆಂಡ್. ಆ ಕೊನೆಯ 30 ಸೆಕೆಂಡಿನಲ್ಲಿ ಮಾತ್ರ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಿದರು. ಯಾವುದನ್ನು ಮತ್ತೆ ಮಾಡ್ತೀರಿ ಅಂತ ಕೇಳಿದಾಗ ಹೆಚ್ಚಿನವರು ಆರಿಸಿದ್ದು ಜಾಸ್ತಿ ಹೊತ್ತಿನದನ್ನೇ! ಕೊನೆ ಸ್ವಲ್ಪ ಹಗುರಾಗಿತ್ತು, ಅಷ್ಟೇ.

ಅಂದರೆ ಮನಸ್ಸು ಪೂರ್ತಿ ಹೊತ್ತನ್ನು ಕೂಡಿಸಿ ನೋಡಲ್ಲ. ತುಂಬ ತೀವ್ರವಾದ ಗಳಿಗೆ ಒಂದು, ಕೊನೆಯ ಗಳಿಗೆ ಒಂದು, ಇವೆರಡನ್ನು ಹಿಡಿದು ತೀರ್ಮಾನ ಮಾಡುತ್ತೆ.

ಇದನ್ನು ನಮ್ಮ ಗುಡ್ಡಕ್ಕೆ ಹಾಕಿ ನೋಡಿ. ದೊಡ್ಡ ಗಳಿಗೆಗೆ ಇಲ್ಲಿ ಕೊರತೆಯೇ ಇಲ್ಲ. ಕಲ್ಲತ್ತಿಗಿರಿಯಲ್ಲಿ ವೀರಭದ್ರೇಶ್ವರ ಸ್ವಾಮಿ ದೇವಸ್ಥಾನದ ಎದುರೇ ನೀರು ಬೀಳುತ್ತೆ. ಮೇಲೆ ಝಡ್ ಪಾಯಿಂಟ್, ಆಚೆ ಹೆಬ್ಬೆ ಜಲಪಾತ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಬಂದು ಉಳಿಯುತ್ತಿದ್ದ ಜಾಗ ಕೆಮ್ಮಣ್ಣುಗುಂಡಿ. ಅದಕ್ಕೆ ಯಾರೂ ಹೊಸದಾಗಿ ಏನೂ ಸೇರಿಸಬೇಕಿಲ್ಲ.

ಕೊನೆಯ ಗಳಿಗೆ ಮಾತ್ರ ಕೆಳಗಿದೆ. ತಿರುವು ಇಳಿದು ತಲೆ ಸುತ್ತಿದ ಮಗು, ಶೌಚಾಲಯ ಹುಡುಕುವ ಹೆಂಗಸರು, ಹೊಟ್ಟೆ ಹಸಿದ ಡ್ರೈವರ್ — ಇವರೆಲ್ಲ ಮೊದಲು ಬಂದು ನಿಲ್ಲೋ ಪೇಟೆ ಲಿಂಗದಹಳ್ಳಿ. ಇಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಕಾಣದಿದ್ದರೆ ನೇರ ತರೀಕೆರೆಗೆ ಹೋಗ್ತಾರೆ. ಟೀ, ನೀರಿನ ಬಾಟಲಿಗೆ ಒಬ್ಬೊಬ್ಬರಿಗೆ ಒಂದೊಂದು ರೇಟು ಹೇಳಿದರೆ ಹೆಬ್ಬೆ ಮರೆತು ಅದನ್ನೇ ನೆನಪಿಟ್ಟುಕೊಳ್ತಾರೆ.

ಒಂದು ಎಚ್ಚರಿಕೆ

ಈ ನಿಯಮ ಎಲ್ಲ ಕಡೆ ಒಂದೇ ಥರ ನಡೆಯಲ್ಲ. ನ್ಯೂಜಿಲೆಂಡ್ ಸಂಶೋಧಕರು ಏಳು ದಿನದ ರಜೆ ಬಗ್ಗೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊನೆಯ ದಿನಕ್ಕಿಂತ ವಿಶೇಷವಾಗಿದ್ದ ದಿನವೇ ಹೆಚ್ಚು ಲೆಕ್ಕಕ್ಕೆ ಬಂತು. ಆದರೆ ಲಿಂಗದಹಳ್ಳಿ ದಾಟೋರಲ್ಲಿ ಹೆಚ್ಚಿನವರು ಒಂದು ದಿನ, ಎರಡು ದಿನದವರು. ಅಷ್ಟು ಸಣ್ಣ ಪ್ರವಾಸದಲ್ಲಿ ಕೊನೆಯ ಅರ್ಧ ಗಂಟೆಗೂ ತೂಕ ಇದ್ದೇ ಇರುತ್ತೆ.

ನೆದರ್ಲೆಂಡ್ಸ್‌ನಲ್ಲಿ 1,530 ಜನರನ್ನು ಇಟ್ಟುಕೊಂಡು ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಮಾತು ಹೇಳುತ್ತೆ. ಪ್ರವಾಸ ಹೋಗೋರು ಹೊರಡೋ ಮುಂಚೆಯೇ ಉಳಿದವರಿಗಿಂತ ಖುಷಿಯಾಗಿದ್ದರು. ವಾಪಸ್ ಬಂದ ಮೇಲೆ ವ್ಯತ್ಯಾಸ ಇರಲಿಲ್ಲ. ತುಂಬ ನಿರಾಳವಾಗಿ ಕಳೆದು ಬಂದವರಿಗೆ ಮಾತ್ರ ಎರಡು ವಾರದಷ್ಟು ಆ ಖುಷಿ ಉಳಿಯಿತು. ಓಡಿ ಬಂದು, ಸೆಲ್ಫಿ ತೆಗೆದು, ಓಡಿ ಹೋಗುವವರಿಗೆ ಗುಡ್ಡದಿಂದ ಸಿಗೋದು ಕಡಿಮೆ. ಅಂಥವರಿಂದ ಊರಿಗೂ ಸಿಗೋದು ಕಡಿಮೆ. ಒಂದು ರಾತ್ರಿ ಉಳಿದು, ಮರುದಿನ ಅಮೃತಾಪುರದ ಹೊಯ್ಸಳ ದೇವಸ್ಥಾನ ನೋಡಿಕೊಂಡು ಹೋಗೋ ಪ್ರವಾಸಿ ಹತ್ತು ಗಾಡಿಗೆ ಸಮ.

ಊರಿನ ನೆಮ್ಮದಿ

ಭಾವನೆ ಬಂದವರಿಗೆ ಮಾತ್ರ ಇರೋದಲ್ಲ. ಕಲ್ಲತ್ತಿಗಿರಿ ಹೊರಗಿನವರಿಗೆ ಜಲಪಾತ, ಸುತ್ತಲ ಹಳ್ಳಿಯವರಿಗೆ ದೇವರ ಜಾಗ. ಅಲ್ಲಿ ಬಾಟಲಿ, ಚಿಪ್ಸ್ ಕವರ್ ಬಿದ್ದರೆ, ಪೇಟೆಯಲ್ಲಿ ಅಡ್ಡಾದಿಡ್ಡಿ ನಿಂತ ಕಾರಿನ ಹಿಂದೆ ಅಡಿಕೆ ಗಾಡಿ ಸಿಕ್ಕಿಹಾಕಿಕೊಂಡರೆ ಊರಿಗೆ ಸಿಟ್ಟು ಬರೋದು ಸಹಜ. ಸಿಟ್ಟಿರೋ ಊರು ನಗುಮುಖದಿಂದ ಯಾರನ್ನೂ ಕಳಿಸಿಕೊಡಲ್ಲ.

ಹಾಗಾಗಿ ಪಂಚಾಯಿತಿ, ಪೊಲೀಸರು, ವರ್ತಕರು ಒಟ್ಟಿಗೆ ಕೂತು ಮಾತಾಡಬೇಕಾದ ವಿಷಯ ದೊಡ್ಡದೇನಲ್ಲ: ವಾರಾಂತ್ಯಕ್ಕೆ ಪಾರ್ಕಿಂಗ್ ಜಾಗ, ದೂರದಿಂದಲೇ ಕಾಣುವ ಶೌಚಾಲಯದ ಬೋರ್ಡು, ದಿನಾ ಕ್ಲೀನ್ ಮಾಡೋ ಒಬ್ಬ ಜನ, ಅಂಗಡಿ ಮುಂದೆ ರೇಟ್ ಬೋರ್ಡು. ಕೋಟಿ ರೂಪಾಯಿ ಯೋಜನೆ ಬರೋವರೆಗೆ ಕಾಯಬೇಕಿಲ್ಲ. ಗುಡ್ಡ ತನ್ನ ಕೆಲಸ ಮಾಡಿ ಕೆಳಗೆ ಕಳಿಸುತ್ತೆ, ಅಲ್ಲಿಂದ ಮುಂದಿನದು ಲಿಂಗದಹಳ್ಳಿಯ ಪಾಲು.