ಇಂಜನಿನ ಎಣ್ಣೆ ಹಿಡಿಯುವ ಡಬ್ಬಿಯೂ ವಾರಂಟಿ ಪತ್ರವೂ

ಉಳುಮೆಗೂ ಸಾಗಣೆಗೂ ಎತ್ತುಗಳನ್ನೇ ನಂಬಿದ್ದ ಕಾಲವು ಕಳೆದು, ಟ್ರ್ಯಾಕ್ಟರು, ಪಿಕಪ್ ಗಾಡಿ, ಜೀಪುಗಳು ಈಗ ಬೇಸಾಯದ ಅಂಗಗಳೇ ಆಗಿರುತ್ತವೆ. ಎತ್ತಿಗೆ ಕಾಯಿಲೆಯಾದರೆ ಮದ್ದು ಬಲ್ಲವರು ಊರಿನಲ್ಲಿಯೇ ದೊರೆಯುತ್ತಿದ್ದರು. ಇಂಜನಿಗೆ ಕಾಯಿಲೆಯಾದರೆ ಭೂಮಾಲೀಕನು ಪೇಟೆಯ ಮೆಕ್ಯಾನಿಕನ ಮಾತನ್ನೂ ಕಂಪನಿಯವರ ಕಾಗದವನ್ನೂ ನಂಬಬೇಕಾಗಿರುತ್ತದೆ. ಈ ಎರಡಕ್ಕೂ ವಿರೋಧವುಂಟಾದಾಗ ನಷ್ಟವು ಯಾರ ತಲೆಯ ಮೇಲೆ ಬೀಳುವುದೆಂಬುದನ್ನು ಮುಂಚಿತವಾಗಿ ಯೋಚಿಸುವವರು ವಿರಳ.

ಬಿಡಿಭಾಗಗಳ ಮಳಿಗೆಗಳಲ್ಲಿ 'ಆಯಿಲ್ ಕ್ಯಾಚ್ ಕ್ಯಾನ್' ಎಂಬ ಹೆಸರಿನಿಂದ ಮಾರಲ್ಪಡುವ ಸಣ್ಣ ಡಬ್ಬಿಯು ಇಂತಹ ವಿರೋಧಕ್ಕೆ ಕಾರಣವಾಗಬಲ್ಲ ವಸ್ತುಗಳಲ್ಲಿ ಒಂದು. ಇದನ್ನು ಜೋಡಿಸಿದರೆ ಇಂಜನಿನ ಆಯುಸ್ಸು ಹೆಚ್ಚುವುದೆಂದು ಮಾರುವವರು ಹೇಳುತ್ತಾರೆ. ಜೋಡಿಸಿದರೆ ವಾರಂಟಿ ಹೋಯಿತೆಂದು ಷೋರೂಮಿನವರು ಹೇಳುತ್ತಾರೆ. ಎರಡು ಮಾತುಗಳಲ್ಲಿಯೂ ಸ್ವಲ್ಪ ಸತ್ಯವಿರುವುದರಿಂದಲೇ ವಿಷಯವನ್ನು ವಿಚಾರಿಸಿ ನೋಡುವುದು ಅವಶ್ಯಕ.

ಮೊದಲು ಡಬ್ಬಿಯ ಕೆಲಸವೇನೆಂಬುದನ್ನು ತಿಳಿಯಬೇಕು. ಇಂಜನಿನ ಸಿಲಿಂಡರಿನಲ್ಲಿ ಇಂಧನವು ಉರಿಯುವಾಗ ಉಂಟಾಗುವ ಅನಿಲದಲ್ಲಿ ಸ್ವಲ್ಪ ಭಾಗವು ಪಿಸ್ಟನ್ ರಿಂಗುಗಳ ಸಂದಿನಿಂದ ನುಸುಳಿ ಕೆಳಗಿನ ಎಣ್ಣೆಯ ಕೋಣೆಗೆ ಇಳಿಯುತ್ತದೆ. ಹೊಸ ಇಂಜನಿನಲ್ಲಿಯೂ ಇದು ತಪ್ಪಿದ್ದಲ್ಲ. ಈ ಅನಿಲವು ಎಣ್ಣೆಯ ಸೂಕ್ಷ್ಮ ಹನಿಗಳನ್ನೂ, ನೀರಾವಿಯನ್ನೂ, ಮಸಿಯನ್ನೂ ಹೊತ್ತಿರುತ್ತದೆ. ಇದಕ್ಕೆ ಹೊರಹೋಗಲು ದಾರಿಯಿಲ್ಲದಿದ್ದರೆ ಒಳಗೆ ಒತ್ತಡವು ಬೆಳೆದು ಆಯಿಲ್ ಸೀಲುಗಳನ್ನು ದಾಟಿ ಎಣ್ಣೆಯು ಸೋರುವುದು. ಹಳೆಯ ಟ್ರ್ಯಾಕ್ಟರುಗಳಲ್ಲಿ ಬ್ರೀದರ್ ಪೈಪೊಂದು ಇದನ್ನು ನೇರವಾಗಿ ಬಯಲಿಗೆ ಬಿಡುತ್ತಿತ್ತು. ಅದರ ತುದಿಯಲ್ಲಿ ತೊಟ್ಟಿಕ್ಕುವ ಕಪ್ಪೆಣ್ಣೆಯನ್ನು ನೋಡದ ರೈತನಿಲ್ಲ. ವಾಯುಮಾಲಿನ್ಯದ ನಿಯಮಗಳು ಬಿಗಿಯಾದಂತೆ ಈ ಹೊಗೆಯನ್ನು ಇಂಜನು ಗಾಳಿಯನ್ನೆಳೆಯುವ ಕೊಳವೆಗೇ ಮರಳಿ ಕೊಟ್ಟು ಸುಡುವ ಏರ್ಪಾಡು ಬಂದಿತು. ರಸ್ತೆಯ ವಾಹನಗಳಿಗೆ ೨೦೨೦ನೇ ಏಪ್ರಿಲಿನಿಂದ ಭಾರತ್ ಸ್ಟೇಜ್ ೬ರ ನಿಯಮಗಳೂ, ೫೦ ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ ೨೦೨೩ನೇ ಜನವರಿಯಿಂದ ಟ್ರೆಮ್ ೪ರ ನಿಯಮಗಳೂ ಜಾರಿಗೆ ಬಂದಿರುತ್ತವೆ.

ಈ ಏರ್ಪಾಡಿನಿಂದ ಬಯಲಿನ ಗಾಳಿಗೆ ಹಿತವಾದರೂ ಇಂಜನಿಗೆ ಒಂದು ತೊಂದರೆಯುಂಟು. ಮರಳಿ ಬಂದ ಎಣ್ಣೆಯ ಹನಿಗಳು ಗಾಳಿಯ ಕೊಳವೆಗಳಲ್ಲಿ ಅಂಟಿಕೊಳ್ಳುತ್ತವೆ. ಡೀಸೆಲ್ ಇಂಜನುಗಳಲ್ಲಿ ಹೊಗೆಯ ಒಂದು ಭಾಗವನ್ನು ಮರಳಿ ಒಳಕ್ಕೆ ಬಿಡುವ ಇ.ಜಿ.ಆರ್. ಎಂಬ ಭಾಗವಿದ್ದರೆ ಅದರ ಮಸಿಯೂ ಎಣ್ಣೆಯೂ ಕಲೆತು ಡಾಂಬರಿನಂತಹ ಜಿಗುಟಾಗುತ್ತದೆ. ಸಿಲಿಂಡರಿಗೇ ನೇರವಾಗಿ ಇಂಧನವನ್ನು ಚಿಮ್ಮಿಸುವ ಪೆಟ್ರೋಲ್ ಇಂಜನುಗಳಲ್ಲಿ ಪೆಟ್ರೋಲು ವಾಲ್ವುಗಳನ್ನು ತೊಳೆಯುವುದಿಲ್ಲವಾದಕಾರಣ ಅವುಗಳ ಬೆನ್ನಿನ ಮೇಲೆ ಇದ್ದಲು ಕಟ್ಟುತ್ತದೆ. ಡಬ್ಬಿಯನ್ನು ಈ ಕೊಳವೆಯ ನಡುವೆ ಜೋಡಿಸಿದರೆ ಹೊಗೆಯು ಅದರೊಳಗಿನ ಜಾಲರಿಯನ್ನು ಬಡಿದು, ವೇಗ ಕುಗ್ಗಿ, ತಣ್ಣಗಾಗಿ, ಎಣ್ಣೆಯು ತಳಕ್ಕೆ ಇಳಿಯುತ್ತದೆ. ಮಜ್ಜಿಗೆಯ ಮೇಲಿನ ಬೆಣ್ಣೆಯಂತೆ ಕಣ್ಣಿಗೆ ಕಾಣುವ ಫಲವಿರುವುದರಿಂದ ಕೊಂಡವರಿಗೆ ನಂಬಿಕೆ ಬಲಿಯುತ್ತದೆ. ಡಬ್ಬಿಯು ಮೋಸದ ವಸ್ತುವೆಂದು ಸಾರಾಸಗಟಾಗಿ ಹೇಳುವುದು ನ್ಯಾಯವಲ್ಲ.

ಆದರೆ ಡಬ್ಬಿಯಲ್ಲಿ ಎಣ್ಣೆ ಸೇರಿದ ಮಾತ್ರಕ್ಕೆ ಅಷ್ಟು ಹಾನಿಯು ತಪ್ಪಿತೆಂದು ಲೆಕ್ಕ ಹಾಕಲಾಗದು. ಅನೇಕ ಇಂಜನುಗಳಲ್ಲಿ ಎಣ್ಣೆಯನ್ನು ಬೇರ್ಪಡಿಸುವ ಭಾಗವನ್ನು ಕಂಪನಿಯವರೇ ಇಟ್ಟಿರುತ್ತಾರೆ. ಡಬ್ಬಿಯು ಥಟ್ಟನೆ ಬೇಗ ಬೇಗ ತುಂಬತೊಡಗಿದರೆ ಅದು ಡಬ್ಬಿಯ ಹೆಚ್ಚಳವಲ್ಲ. ಪಿಸ್ಟನ್ ರಿಂಗುಗಳು ಸವೆದಿರಬಹುದು, ಅಥವಾ ಅಳತೆಯ ಕಡ್ಡಿಯ ಮೇಲಿನ ಗುರುತನ್ನು ಮೀರಿ ಎಣ್ಣೆಯನ್ನು ಸುರಿದಿರಬಹುದು. ಮಳೆಗಾಲದಲ್ಲಿ, ಅದರಲ್ಲಿಯೂ ಮಲೆನಾಡಿನ ತಂಪಿನಲ್ಲಿ, ಸಮೀಪದ ಓಡಾಟಕ್ಕೆ ಮಾತ್ರ ಬಳಸುವ ಗಾಡಿಯ ಡಬ್ಬಿಯಲ್ಲಿ ಹಾಲಿನಂತೆ ಬೆಳ್ಳಗೆ ಸೇರುವುದು ನೀರು ಬೆರೆತ ಎಣ್ಣೆ. ಅದನ್ನು ಇಂಜನಿಗೆ ಮರಳಿ ಸುರಿಯಬಾರದು; ಬಾವಿಯ ಬಳಿ, ಕಾಲುವೆಯಲ್ಲಿ ಚೆಲ್ಲಲೂಬಾರದು.

ಇನ್ನು ಡಬ್ಬಿಯಿಂದ ಬರಬಹುದಾದ ಕೇಡುಗಳು. ಒಂದನೆಯದು, ಕೊಳವೆಯು ಮಡಿಚಿದರೆ ಅಥವಾ ಜಾಲರಿಯು ಕಟ್ಟಿಕೊಂಡರೆ ಎಣ್ಣೆಯ ಕೋಣೆಯಲ್ಲಿ ಒತ್ತಡವು ಏರುವುದು. ಟರ್ಬೋ ಭಾಗದ ಎಣ್ಣೆಯು ತನ್ನ ಭಾರದಿಂದಲೇ ಕೆಳಗಿಳಿಯಬೇಕಾದದ್ದು. ಕೆಳಗೆ ಒತ್ತಡವಿದ್ದರೆ ಇಳಿಯದೆ ಸೀಲನ್ನು ದಾಟಿ ಸೈಲೆನ್ಸರಿಗೂ ಗಾಳಿಯ ಕೊಳವೆಗೂ ನುಗ್ಗುತ್ತದೆ. ಎರಡನೆಯದು, ಧೂಳು. ಕೊಳವೆಯನ್ನು ಏರ್ ಫಿಲ್ಟರಿನ ಆಚೆಗೆ ಜೋಡಿಸುವುದರಿಂದ ಅಲ್ಲಿ ಒಂದು ಕ್ಲಿಪ್ಪು ಸಡಿಲವಾದರೂ ಸೋಸದ ಗಾಳಿಯು ಇಂಜನಿಗೆ ಸೇರುತ್ತದೆ. ಬಯಲುಸೀಮೆಯ ಬೇಸಗೆಯಲ್ಲಿ ಕಲ್ಟಿವೇಟರು ಹೂಡಿದ ಟ್ರ್ಯಾಕ್ಟರಿನ ಸುತ್ತ ಏಳುವ ಧೂಳನ್ನು ನೋಡಿದವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ; ಸಿಲಿಂಡರುಗಳು ಸಾಣೆ ಹಿಡಿದಂತೆ ಸವೆಯುತ್ತವೆ. ಮೂರನೆಯದು, ಖಾಲಿ ಮಾಡಲು ಮರೆತ ಡಬ್ಬಿಯು ತುಂಬಿ ಎಣ್ಣೆಯು ಒಮ್ಮೆಗೇ ಒಳಕ್ಕೆ ಸೆಳೆಯಲ್ಪಟ್ಟರೆ ಡೀಸೆಲ್ ಇಂಜನು ಆ ಎಣ್ಣೆಯನ್ನೇ ಉರಿಸಿಕೊಂಡು ಹಿಡಿತವಿಲ್ಲದೆ ಓಡಬಹುದು. ಆಗ ಬೀಗದ ಕೈ ತಿರುಗಿಸಿದರೂ ನಿಲ್ಲದಿರಬಹುದು. ನಾಲ್ಕನೆಯದು, ಹೊಗೆಯನ್ನು ಮರಳಿ ಇಂಜನಿಗೆ ಕೊಡದೆ ಬಯಲಿಗೆ ಬಿಡುವ ಡಬ್ಬಿಗಳೂ ಮಾರಾಟಕ್ಕಿವೆ. ಇವು ಮಾಲಿನ್ಯದ ನಿಯಮದ ಉದ್ದೇಶವನ್ನೇ ಕೆಡಿಸುವುವಾದ್ದರಿಂದ ಅವನ್ನು ಕೊಳ್ಳಲೇಬಾರದು.

ವಾರಂಟಿಯ ಪ್ರಶ್ನೆಯು ಹುಟ್ಟುವುದು ಇಲ್ಲಿಯೇ. ವಾರಂಟಿ ಎಂಬುದು ದಾನವಲ್ಲ, ಷರತ್ತುಗಳುಳ್ಳ ಒಪ್ಪಂದ. ಟ್ರ್ಯಾಕ್ಟರಿಗೆ ಇಷ್ಟು ತಿಂಗಳು ಅಥವಾ ಇಷ್ಟು ಗಂಟೆ, ಯಾವುದು ಮೊದಲೋ ಅಲ್ಲಿಯವರೆಗೆ ಎಂದೂ, ಗಾಡಿಗೆ ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರು ಎಂದೂ ಅದರಲ್ಲಿ ಬರೆದಿರುತ್ತದೆ. ಕಂಪನಿಯು ಒಪ್ಪದ ಬಿಡಿಭಾಗವನ್ನು ಜೋಡಿಸಿದುದರಿಂದಾದ ಕೆಡುಕಿಗೆ ಹೊಣೆಯಲ್ಲವೆಂಬ ಮಾತು ಸಾಮಾನ್ಯವಾಗಿ ಅದರಲ್ಲಿರುತ್ತದೆ. ಕೆಲವು ಪತ್ರಗಳಲ್ಲಿ ಬದಲಾವಣೆ ಮಾಡಿದರೆ ವಾರಂಟಿಯೇ ರದ್ದೆಂದೂ ಇರುವುದುಂಟು. ಈ ಎರಡು ಮಾತುಗಳಿಗೂ ಬಹಳ ಅಂತರವುಂಟು. ಮೊದಲನೆಯದರಲ್ಲಿ ಡಬ್ಬಿಗೂ ಕೆಡುಕಿಗೂ ಸಂಬಂಧವಿರಬೇಕು. ಎರಡನೆಯದರಲ್ಲಿ ಡಬ್ಬಿಯಿದ್ದರೆ ಸಾಕು.

ಡಬ್ಬಿ ಮಾರುವವರಲ್ಲಿ ಕೆಲವರು ಅಮೆರಿಕ ದೇಶದ ಕಾನೂನನ್ನು ಹೇಳಿ ಧೈರ್ಯ ತುಂಬುತ್ತಾರೆ. ಅಲ್ಲಿ ೧೯೭೫ರಲ್ಲಿ ಬಂದ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯಿದೆಯ ಮೇರೆಗೆ, ಬೇರೆಯವರ ಭಾಗವನ್ನು ಬಳಸಿದ ಮಾತ್ರಕ್ಕೆ ಗೃಹಬಳಕೆಯ ವಸ್ತುವಿನ ವಾರಂಟಿಯನ್ನು ಸಾಮಾನ್ಯವಾಗಿ ನಿರಾಕರಿಸುವಂತಿಲ್ಲವೆಂಬುದು ನಿಜ. ಆದರೆ ಆ ಕಾಯಿದೆಯು ಅಲ್ಲಿಯದು; ಕೋಲಾರದ ಅಥವಾ ದಾವಣಗೆರೆಯ ರೈತನ ಕೈಗೆ ಅದು ಆಯುಧವಾಗದು. ಇಲ್ಲಿ ಆಶ್ರಯವಾಗಿರುವುದು ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆ. ಒಪ್ಪಂದದ ಷರತ್ತು ಅನ್ಯಾಯವಾದುದೆಂದು ವಾದಿಸಲು ಅದರಲ್ಲಿ ಅವಕಾಶವಿದೆ; ಆದರೆ ವಾದಿಸಿ ಗೆಲ್ಲುವ ಭಾರವು ದೂರುದಾರನ ಮೇಲೆಯೇ ಇರುವುದು.

ಒಂದು ಸಂದರ್ಭವನ್ನು ಭಾವಿಸಿ ನೋಡಬಹುದು. ಕೋಲಾರದ ಕಡೆಯ ಭೂಮಾಲೀಕನೊಬ್ಬನು ಸಾಲ ಮಾಡಿ ಪಿಕಪ್ ಗಾಡಿಯನ್ನು ಕೊಂಡು, ಎರಡನೆಯ ವರ್ಷದಲ್ಲಿ ಡಬ್ಬಿಯನ್ನು ಜೋಡಿಸಿದನೆನ್ನೋಣ. ಟೊಮೆಟೊ ಕೊಯ್ಲಿನ ಭರಾಟೆಯಲ್ಲಿ ಗಾಡಿಯು ನೀಲಿ ಹೊಗೆಯುಗುಳಿ ನಿಲ್ಲುತ್ತದೆ, ಟರ್ಬೋ ಕೆಟ್ಟಿದೆ. ಕೆಟ್ಟದ್ದು ತಯಾರಿಕೆಯ ದೋಷದಿಂದಲೋ, ಡಬ್ಬಿಯ ಕೊಳವೆಯು ಮಡಿಚಿದ್ದರಿಂದಲೋ? ಷೋರೂಮಿನವರು ಡಬ್ಬಿಯನ್ನು ತೋರಿಸುತ್ತಾರೆ; ಡಬ್ಬಿ ಮಾರಿದವನು ಷೋರೂಮಿನವರನ್ನು ತೋರಿಸುತ್ತಾನೆ. ನಿಜವು ಯಾವುದೇ ಆಗಿರಲಿ, ಟೊಮೆಟೊ ಕಾಯುವುದಿಲ್ಲ, ಸಾಲದ ಕಂತೂ ಕಾಯುವುದಿಲ್ಲ. ಕಾನೂನಿನಲ್ಲಿ ಕಡೆಗೆ ಗೆದ್ದರೂ ಆ ಬೆಳೆಯ ಹಣವು ಮರಳಿ ಬಾರದು. ಅಲ್ಪ ಬೆಲೆಯ ಡಬ್ಬಿಯು ಕಂಪನಿಯವರ ಕೈಗೆ ದೊಡ್ಡದೊಂದು ನೆಪವನ್ನು ಕೊಟ್ಟಂತಾಗುವುದು.

ಆದಕಾರಣ ವಾರಂಟಿಯ ಅವಧಿಯು ಮುಗಿಯುವವರೆಗೆ ಡಬ್ಬಿಯನ್ನು ಜೋಡಿಸದಿರುವುದೇ ವಿವೇಕ. ಆ ಅವಧಿಯಲ್ಲಿ ಇಂಜನಿನ ಹಿತಕ್ಕೆ ಬೇಕಾದುದು ಬೇರೆ. ಪುಸ್ತಕದಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿಸುವುದು, ಗಂಟೆಯ ಲೆಕ್ಕಕ್ಕೆ ಸರಿಯಾಗಿ ಬದಲಾಯಿಸುವುದು, ಧೂಳಿನ ಕಾಲದಲ್ಲಿ ಏರ್ ಫಿಲ್ಟರನ್ನು ಆಗಾಗ್ಗೆ ನೋಡುವುದು, ನಿಂತಲ್ಲಿಯೇ ಇಂಜನನ್ನು ವೃಥಾ ಓಡಿಸದಿರುವುದು, ಇವಿಷ್ಟರಿಂದಲೇ ಕೊಳವೆಯ ಜಿಗುಟು ಬಹುಮಟ್ಟಿಗೆ ಕಡಮೆಯಾಗುವುದು. ಜೋಡಿಸಲೇಬೇಕೆಂಬ ಇಚ್ಛೆಯಿದ್ದವರು ಮೊದಲು ಮಾರಾಟಗಾರರಿಗೆ ಬರವಣಿಗೆಯಲ್ಲಿ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲಿಯೇ ಪಡೆಯತಕ್ಕದ್ದು. ಕೌಂಟರಿನಲ್ಲಿ ನಿಂತವನ 'ಏನೂ ಆಗುವುದಿಲ್ಲ ಬಿಡಿ' ಎಂಬ ಬಾಯಿಮಾತು ಮುಂದೆ ಸಾಕ್ಷ್ಯಕ್ಕೆ ನಿಲ್ಲುವುದಿಲ್ಲ. ಅವಧಿಯು ಮುಗಿದ ಮೇಲೆ ಜೋಡಿಸುವವರು ಹೊಗೆಯನ್ನು ಮರಳಿ ಇಂಜನಿಗೆ ಕೊಡುವ ಮುಚ್ಚಿದ ಡಬ್ಬಿಯನ್ನೇ ಆರಿಸಿ, ಎಣ್ಣೆಯನ್ನು ತಡೆಯುವ ಗಟ್ಟಿ ಕೊಳವೆಗಳನ್ನು ಹಾಕಿಸಿ, ಬಿಸಿಯಾದ ಭಾಗಗಳಿಂದ ದೂರವಿರಿಸಿ, ತಪ್ಪದೆ ಖಾಲಿ ಮಾಡುತ್ತಿರಬೇಕು.

ಮೊದಲೇ ಜೋಡಿಸಿದವರು ಕೆಡುಕು ಸಂಭವಿಸಿದಾಗ ಡಬ್ಬಿಯನ್ನು ರಾತ್ರೋರಾತ್ರಿ ಕಿತ್ತು ಬಚ್ಚಿಡಬಾರದು. ಕೊಳವೆಯ ಗುರುತುಗಳಿಂದ ಅದು ತಿಳಿದುಬಂದರೆ ನಿಜವಾದ ದೂರೂ ಸುಳ್ಳೆನಿಸಿಕೊಳ್ಳುವುದು. ಇದ್ದಂತೆಯೇ ಫೋಟೋ ತೆಗೆದಿಟ್ಟು, ನಿರಾಕರಣೆಯ ಕಾರಣವನ್ನು ಬರೆದುಕೊಡುವಂತೆ ಕೇಳಿ, ಬಿಚ್ಚಿದ ಭಾಗವನ್ನು ಗುಜರಿಗೆ ಹೋಗಗೊಡದೆ ಕಾಯಬೇಕು. ದೋಷವನ್ನು ಪರೀಕ್ಷೆಯಿಲ್ಲದೆ ನಿರ್ಣಯಿಸಲಾಗದಿದ್ದರೆ ವಸ್ತುವನ್ನು ಪ್ರಯೋಗಶಾಲೆಗೆ ಕಳುಹಿಸುವ ಅಧಿಕಾರವು ಜಿಲ್ಲಾ ಗ್ರಾಹಕ ಆಯೋಗಕ್ಕುಂಟು. ಭಾಗವೇ ಇಲ್ಲದಿದ್ದರೆ ಯಾವುದನ್ನು ಕಳುಹಿಸುವುದು? ವ್ಯಾಜ್ಯದ ಕಾರಣವು ಹುಟ್ಟಿದ ಎರಡು ವರ್ಷಗಳೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆಯು ೫ ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ೫೦ ಲಕ್ಷದವರೆಗೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. ಸ್ವಂತ ಜೀವನೋಪಾಯಕ್ಕಾಗಿ ಕೊಂಡು ತಾನೇ ದುಡಿಸುವವನು ಗ್ರಾಹಕನೇ ಆಗಿರುತ್ತಾನೆ. ಬೀಜ ಕೊಂಡ ರೈತರು ಗ್ರಾಹಕರೆಂದು ಸುಪ್ರೀಂ ಕೋರ್ಟು ೨೦೧೨ರಲ್ಲಿ ತೀರ್ಮಾನಿಸಿದ್ದನ್ನು ಇಲ್ಲಿ ಸ್ಮರಿಸಬಹುದು. ಅನೇಕ ಗಾಡಿಗಳನ್ನಿಟ್ಟು ಬಾಡಿಗೆಯ ವ್ಯಾಪಾರ ನಡೆಸುವವರಿಗೆ ಮಾತ್ರ ಈ ಹಕ್ಕಿನ ಬಗ್ಗೆ ಆಕ್ಷೇಪಣೆ ಬರಬಹುದು.

ತಪ್ಪೆಲ್ಲವೂ ರೈತನದೆಂದು ಹೇಳುವುದೂ ಸರಿಯಲ್ಲ. ಬೇಸಾಯಗಾರನಿಗೆ ಮಾರುವ ಯಂತ್ರದ ವಾರಂಟಿ ಪತ್ರವನ್ನು ಅವನಿಗೆ ತಿಳಿಯದ ಭಾಷೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚುಹಾಕಿ, ಕೆಟ್ಟ ಮೇಲೆ ಅದರ ಷರತ್ತನ್ನು ತೋರಿಸುವುದು ವ್ಯಾಪಾರದ ಮರ್ಯಾದೆಯಲ್ಲ. ಯಾವ ಭಾಗವನ್ನು ಜೋಡಿಸಿದರೆ ಯಾವ ಭರವಸೆಯು ಹೋಗುವುದೆಂಬುದನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದುಕೊಡುವುದು ಕಂಪನಿಗಳ ಕರ್ತವ್ಯ. ಹಾಗೆ ಕೇಳುವ ಶಕ್ತಿಯು ಒಬ್ಬ ರೈತನಿಗಿಂತ ಹತ್ತು ಮಂದಿ ಸೇರಿದಾಗ ಹೆಚ್ಚು. ಗ್ರಾಮದ ಮುಖ್ಯಸ್ಥರೂ ದೊಡ್ಡ ಹಿಡುವಳಿದಾರರೂ ಇದರಲ್ಲಿ ಮುಂದಾಗತಕ್ಕದ್ದು. ಹೊಸ ಯಂತ್ರವು ಊರಿಗೆ ಬಂದ ದಿನ ಪೂಜೆಗೆ ಸೇರುವ ಜನರ ಎದುರಿಗೆ ಅದರ ವಾರಂಟಿ ಪತ್ರವನ್ನೂ ಓದಿಸಿದರೆ, ಆ ಒಂದು ಗಳಿಗೆಯ ಶ್ರಮದಿಂದ ಊರಿಗೆಲ್ಲ ಪ್ರಯೋಜನವಾಗುವುದು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯು ಇಂಜನಿಗೂ ಅದರ ಯಜಮಾನನಿಗೂ ಸಮನಾಗಿ ಅನ್ವಯಿಸುತ್ತದೆ.