ನಗಲು ಇನ್ನೊಬ್ಬರು ಬೇಕು

ನಗುವನ್ನು ಹೊಗಳುವಾಗ ನಾವೀಗ ಮೊದಲು ಎತ್ತುವ ಮಾತು ಆರೋಗ್ಯದ್ದು. ನಕ್ಕರೆ ಬಿಪಿ ಇಳಿಯುತ್ತದೆ, ಆಯುಷ್ಯ ಹೆಚ್ಚುತ್ತದೆ ಎಂಬ ಸಂದೇಶಗಳು ಬೆಳಗಾದರೆ ಮೊಬೈಲಿಗೆ ಬಂದು ಬೀಳುತ್ತವೆ. 1995ರಲ್ಲಿ ಮುಂಬೈಯ ಉದ್ಯಾನವೊಂದರಲ್ಲಿ ವೈದ್ಯ ಮದನ್ ಕಟಾರಿಯಾ ಶುರುಮಾಡಿದ ನಗೆಕೂಟ ನಮ್ಮ ಊರುಗಳ ಪಾರ್ಕುಗಳಿಗೂ ಬಂದು ಎಷ್ಟೋ ಕಾಲವಾಯಿತು. ವಾಕಿಂಗ್ ಮುಗಿಸಿದವರು ದುಂಡಗೆ ನಿಂತು, ಕೈ ಮೇಲೆತ್ತಿ ಜೋರಾಗಿ ನಗುತ್ತಾರೆ. ಅದರಿಂದ ಅವರಿಗೆ ಹಿತವಾಗುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಹಿತಕ್ಕೆ ಶ್ವಾಸಕೋಶಕ್ಕೆ ಹೋದ ಗಾಳಿಗಿಂತ ಪಕ್ಕದಲ್ಲಿ ನಿಂತ ನಾಲ್ಕು ಜನರೇ ಹೆಚ್ಚು ಕಾರಣ ಎಂಬುದು ನನ್ನ ವಾದ. ಅಪರಿಚಿತರ ನಡುವಿನ ಬಿಗುವು ಸಡಿಲಿಸುವುದು, ಪರಿಚಿತರ ನಂಟನ್ನು ಹಸಿಯಾಗಿಡುವುದು, ಇದೇ ದಿನನಿತ್ಯದ ಬದುಕಿನಲ್ಲಿ ನಗು ಮಾಡುವ ದೊಡ್ಡ ಕೆಲಸ. ಅದನ್ನು ಗುಳಿಗೆಯ ಹಾಗೆ ಒಬ್ಬೊಬ್ಬರೇ ನುಂಗಲು ಬರುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್ ಇದನ್ನು ಕಂಡುಕೊಂಡದ್ದು ಪ್ರಯೋಗಾಲಯ ಬಿಟ್ಟು ಹೊರಗೆ ಬಂದ ಮೇಲೆ. ಅವರೂ ಅವರ ವಿದ್ಯಾರ್ಥಿಗಳೂ ಅಂಗಡಿ ಮಳಿಗೆಗಳಲ್ಲಿ, ಕಾಲೇಜಿನ ಆವರಣದಲ್ಲಿ ಜನ ಮಾತಾಡುತ್ತ ನಕ್ಕ 1,200 ಸಂದರ್ಭಗಳನ್ನು ಬರೆದಿಟ್ಟುಕೊಂಡರು. ಹಾಸ್ಯ ಎನ್ನಬಹುದಾದ ಮಾತಿಗೆ ಬಂದ ನಗು ಅದರಲ್ಲಿ ಶೇ 20ನ್ನೂ ಮುಟ್ಟಲಿಲ್ಲ. ಉಳಿದ ನಗುವೆಲ್ಲ ಬರ್ತೀನಿ, ಆಮೇಲೆ ಸಿಗೋಣ ಎಂಬಂಥ ಸಪ್ಪೆ ಮಾತಿನ ಬೆನ್ನಿಗೆ ಬಂದದ್ದು. ಕೇಳುವವರಿಗಿಂತ ಮಾತಾಡುವವರೇ ಹೆಚ್ಚು ನಗುತ್ತಿದ್ದರು. ಟಿವಿ, ಪುಸ್ತಕಗಳಂಥವನ್ನು ಬದಿಗಿಟ್ಟು ನೋಡಿದರೆ, ಒಬ್ಬರೇ ಇದ್ದಾಗ ನಗುವುದಕ್ಕಿಂತ ಜೊತೆಯಲ್ಲಿ ಯಾರಾದರೂ ಇದ್ದಾಗ ನಗುವುದು 30 ಪಟ್ಟು ಹೆಚ್ಚು ಎಂದು ಅವರ ಲೆಕ್ಕ ಹೇಳಿತು. 2017ರಲ್ಲಿ ಫಿನ್ಲೆಂಡಿನ ತುರ್ಕುವಿನಲ್ಲಿ ವಿಜ್ಞಾನಿಗಳು, ಗೆಳೆಯರ ಜೊತೆ ಅರ್ಧ ಗಂಟೆ ಹಾಸ್ಯದ ತುಣುಕು ನೋಡಿ ನಕ್ಕವರ ಮೆದುಳನ್ನು ಸ್ಕ್ಯಾನ್ ಮಾಡಿದರು. ನೋವನ್ನು ತಗ್ಗಿಸುವ, ಮನಸ್ಸಿಗೆ ನೆಮ್ಮದಿ ಕೊಡುವ ರಾಸಾಯನಿಕಗಳು ಅಲ್ಲಿ ಬಿಡುಗಡೆಯಾಗಿದ್ದವು. ಪಾಲ್ಗೊಂಡವರು 12 ಗಂಡಸರು ಮಾತ್ರ, ಅಷ್ಟರ ಮೇಲೆ ನಗುವಿನಿಂದ ರೋಗ ವಾಸಿ ಎಂಬ ಪ್ರಚಾರ ಕಟ್ಟುವುದು ತಪ್ಪು. ಆದರೆ ಎರಡು ಅಧ್ಯಯನಗಳೂ ಬೊಟ್ಟು ಮಾಡುವ ದಿಕ್ಕು ಒಂದೇ.

ನಮ್ಮ ಹಳ್ಳಿಯ ಹೆಂಗಸರಿಗೆ ಈ ದಿಕ್ಕು ಯಾವ ಸಂಶೋಧನೆಯೂ ಇಲ್ಲದೆ ಗೊತ್ತಿತ್ತು. ಮದುವೆಯಲ್ಲಿ ಹಾಡುವ ಬೀಗರ ಪದಗಳನ್ನೇ ನೋಡಿ. ಎರಡು ಮನೆತನಗಳು ಮೊದಲ ಸಲ ಒಂದೇ ಚಪ್ಪರದಡಿ ಕೂತಿರುತ್ತವೆ. ಯಾರ ಮರ್ಯಾದೆಗೆ ಎಲ್ಲಿ ಕುಂದು ಬರುತ್ತದೋ, ಊಟದಲ್ಲಿ ಏನು ಕೊರತೆಯಾಗುತ್ತದೋ ಎಂಬ ಆತಂಕ ಎರಡೂ ಕಡೆ. ಆಗ ಹೆಣ್ಣಿನ ಕಡೆಯ ಹೆಂಗಸರು ಬೀಗರ ಹೊಟ್ಟೆಬಾಕತನವನ್ನು, ಬೀಗಿತ್ತಿಯ ಬಿಂಕವನ್ನು ಹಾಡು ಕಟ್ಟಿ ಆಡಿಕೊಳ್ಳುತ್ತಾರೆ. ಗಂಡಿನ ಕಡೆಯವರು ಸುಮ್ಮನಿರದೆ ಅದಕ್ಕೆ ಸವಾಯಿ ಹಾಡು ಹೇಳುತ್ತಾರೆ. ಎದುರೆದುರೇ ಹೇಳಿದರೆ ಜಗಳವೇ ಆಗಿಬಿಡುವ ಮಾತುಗಳು ಹಾಡಾಗಿ ಬಂದದ್ದರಿಂದ ಚಪ್ಪರವೆಲ್ಲ ನಗುತ್ತದೆ, ಬಿಗುವು ಕರಗುತ್ತದೆ. ಉತ್ತರ ಕರ್ನಾಟಕದ ಒಡಪು ಇನ್ನೂ ನವಿರು. ಗಂಡನ ಹೆಸರು ಹೇಳಬಾರದು ಎಂಬ ಕಟ್ಟುಪಾಡಿನಲ್ಲಿದ್ದ ಹೊಸ ಸೊಸೆಯನ್ನು ಬಾಗಿಲಲ್ಲಿ ತಡೆದು, ಪ್ರಾಸದ ಸಾಲಿನೊಳಗೆ ಆ ಹೆಸರನ್ನು ಹೇಳಿಸುತ್ತಾರೆ. ಅವಳು ನಾಚುತ್ತ ಹೇಳಿ ಮುಗಿಸಿದಾಗ ಏಳುವ ನಗುವಿನಲ್ಲಿ ಆ ಮನೆ ಅವಳಿಗೆ ಒಂದಿಷ್ಟು ಸಲೀಸಾಗುತ್ತದೆ. ಇಲ್ಲಿ ಯಾರೂ ಜೋಕು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು.

ನಗು ಹೊಟ್ಟೆ ತುಂಬಿದವರ ಸುಖ, ಕಷ್ಟದಲ್ಲಿರುವವರ ಮುಂದೆ ಅದರ ಮಾತೇಕೆ ಎಂದು ಕೆಲವರು ಕೇಳುತ್ತಾರೆ. ಅವರಿಗೆ ನಾನು ಒಂದು ಪತ್ರಿಕೆಯನ್ನು ನೆನಪಿಸುತ್ತೇನೆ. ಬೆಂಗಳೂರಿನಲ್ಲಿ ವೈದ್ಯರಾಗಿದ್ದ ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’, ‘ಕೊರವಂಜಿ’ ಹಾಸ್ಯ ಪತ್ರಿಕೆಯನ್ನು ಶುರುಮಾಡಿದ್ದು 1942ರಲ್ಲಿ. ಹೊರಗೆ ಮಹಾಯುದ್ಧ, ದೇಶದೊಳಗೆ ಕ್ವಿಟ್ ಇಂಡಿಯಾ ಚಳವಳಿ. ಅಂಥ ಕಾಲದಲ್ಲಿ ಹುಟ್ಟಿದ ಪತ್ರಿಕೆ 25 ವರ್ಷ ನಡೆಯಿತು. ಆರ್.ಕೆ. ಲಕ್ಷ್ಮಣ್ ಅದಕ್ಕೆ ವ್ಯಂಗ್ಯಚಿತ್ರ ಬರೆದರು. ಕಷ್ಟ ಹೆಚ್ಚಿದಾಗ ಜನರಿಗೆ ಒಬ್ಬರನ್ನೊಬ್ಬರು ಆನಿಕೊಳ್ಳುವ ಅಗತ್ಯವೂ ಹೆಚ್ಚುತ್ತದೆ, ನಗು ಆಗಲೇ ಬೇಕಾಗುವುದು.

ಗಟ್ಟಿಯಾಗಿ ನಗುವುದು ಗಾಂಭೀರ್ಯಕ್ಕೆ ಒಪ್ಪುವುದಿಲ್ಲ ಎಂಬ ಇನ್ನೊಂದು ಆಕ್ಷೇಪ ಬಹಳ ಹಳೆಯದು. ಭರತನ ನಾಟ್ಯಶಾಸ್ತ್ರ ನಗುವನ್ನು ಆರು ಬಗೆಯಾಗಿ ವಿಂಗಡಿಸಿ, ಹಲ್ಲು ಕಾಣದ ಸ್ಮಿತವನ್ನು ಉತ್ತಮರಿಗೂ ಮೈಕುಲುಕಿ ನಗುವುದನ್ನು ಅಧಮರಿಗೂ ಹಂಚಿತು. ರಂಗದ ಮೇಲಿನ ಪಾತ್ರಗಳಿಗೆ ಹೇಳಿದ ಮಾತು ಅದು, ಆದರೆ ಅದರ ಹಿಂದಿನ ನಂಬಿಕೆ ನಮ್ಮ ಮನೆಗಳಲ್ಲಿ ಇಂದಿಗೂ ಇದೆ. ಹೆಣ್ಣುಮಕ್ಕಳು ಗಹಗಹಿಸಿ ನಗಬಾರದು ಎಂದು ಗದರುವಾಗ, ಸಿಬ್ಬಂದಿ ನಕ್ಕರೆ ಕೆಲಸಗಳ್ಳತನ ಎಂದು ಅಧಿಕಾರಿ ಮುಖ ಗಂಟಿಕ್ಕುವಾಗ ಅದೇ ಶ್ರೇಣಿ ಕೆಲಸ ಮಾಡುತ್ತಿರುತ್ತದೆ. ನನಗೆ ಈ ಅಳತೆಗೋಲೇ ಸರಿಕಾಣುವುದಿಲ್ಲ. ಎಷ್ಟು ಜೋರಾಗಿ ನಕ್ಕರು ಎಂಬುದಕ್ಕಿಂತ ಯಾರನ್ನು ನೋಡಿ ನಕ್ಕರು ಎಂದು ಕೇಳಬೇಕು. ಯಕ್ಷಗಾನದ ಹಾಸ್ಯಗಾರ ದೂತನಾಗಿ ಬಂದು, ಕಿರೀಟ ಹೊತ್ತ ರಾಜನ ಎದುರಿಗೇ ಆಡುಮಾತಿನಲ್ಲಿ ಅವನ ಡಂಬವನ್ನು ಬಿಚ್ಚಿಡುತ್ತಾನೆ. ಆ ನಗು ಎಷ್ಟೇ ದೊಡ್ಡದಾದರೂ ಆರೋಗ್ಯಕರವಾದದ್ದು.

ನಗು ಗಾಯವನ್ನೂ ಮಾಡುತ್ತದೆ ಎಂಬ ಆಕ್ಷೇಪವನ್ನು ಮಾತ್ರ ನಾನು ಪೂರಾ ಒಪ್ಪುತ್ತೇನೆ. ನಗುವವರ ಮುಂದೆ ಎಡವಿಬಿದ್ದಂತೆ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಮೈಬಣ್ಣ, ದಪ್ಪ ಮೈ, ತೊದಲು, ಊರಿನ ಭಾಷೆ, ಇವನ್ನು ಹಿಡಿದು ನಗಿಸುವ ಧಾರಾವಾಹಿ, ರಿಯಾಲಿಟಿ ಷೋಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಟ್ಟಿಗೆ ನಗುವ ಗುಂಪು ಬೇಗ ಒಂದಾಗುತ್ತದೆ ಎಂಬುದು ನಿಜವಾದರೆ, ಆ ಗುಂಪು ಒಬ್ಬನನ್ನು ಹೊರಗಿಡಲೂ ನಗುವನ್ನೇ ಬಳಸಬಲ್ಲದು ಎಂಬುದೂ ನಿಜ. ಬೀಗರ ಪದಕ್ಕೂ ಈ ಗೇಲಿಗೂ ಇರುವ ವ್ಯತ್ಯಾಸ ಸಣ್ಣದಲ್ಲ: ಅಲ್ಲಿ ಎದುರು ಕಡೆಯವರಿಗೆ ತಿರುಗಿ ಹಾಡುವ ಸರದಿ ಇತ್ತು. ಜಾರಿಬಿದ್ದ ವಿಡಿಯೊ ಊರೆಲ್ಲ ಹರಿದಾಡುವಾಗ ಬಿದ್ದವನಿಗೆ ಆ ಸರದಿ ಸಿಗುವುದಿಲ್ಲ. ತರಗತಿಯಲ್ಲಿ ಅಡ್ಡಹೆಸರು ಅಂಟಿಸಿಕೊಂಡ ಹುಡುಗನಿಗೂ ಅಷ್ಟೆ. ಅವನು ತಿರುಗಿ ನಗಿಸಬಲ್ಲನೇ, ಅಥವಾ ತಲೆ ತಗ್ಗಿಸಿ ಕೂತಿದ್ದಾನೆಯೇ ಎಂದು ಮೇಷ್ಟರು ನೋಡಬೇಕು. ತಲೆ ತಗ್ಗಿಸಿದ್ದರೆ ಹುಡುಗಾಟ ಎಂದು ಬಿಡದೆ ಆ ಹೆಸರನ್ನು ಅವತ್ತೇ ನಿಲ್ಲಿಸಬೇಕು.